ಫ್ಯಾನಿನ ರೆಕ್ಕೆಗೂ ಒಂದು ಹೆಸರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಮಳೆಗೆ ಬರ ಬರಬಹುದು, ಬಸ್ಸಿಗೆ ಬರ ಬರಬಹುದು, ಮೇಷ್ಟ್ರಿಗಂತೂ ಬರ ಇದ್ದೇ ಇದೆ. ಹಳೆ ವಿದ್ಯಾರ್ಥಿಗಳಿಗೆ ಮಾತ್ರ ಯಾವ ವರ್ಷವೂ ಬರವಿಲ್ಲ. ಒಳ್ಳೆ ಫಸಲು. ಒಂದೊಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈಗ ಹೊಸ ವಿದ್ಯಾರ್ಥಿಗಳು ಮೂವತ್ತು, ಹಳೆ ವಿದ್ಯಾರ್ಥಿಗಳು ಮುನ್ನೂರು. ಅವರಿಗೊಂದು ಸಂಘ, ಸಂಘಕ್ಕೊಂದು ಲೆಟರ್‌ಹೆಡ್, ಲೆಟರ್‌ಹೆಡ್ಡಿನಲ್ಲಿ ಇಬ್ಬರು ಗೌರವಾಧ್ಯಕ್ಷರು. ಯಾಕೆಂದರೆ ಊರಲ್ಲಿ ಓಣಿ ಎರಡು.

ಊರಿನ ಹೆಸರು ಕೇಳಬೇಡಿ. ಐದೂ ತಾಲ್ಲೂಕು ತಿರುಗಿ ಒಂದೊಂದು ಊರಿಂದ ಒಂದೊಂದು ಕಲ್ಲು ತಂದು ಕಟ್ಟಿದ ಊರು ಇದು. ಓದುತ್ತಾ ನಿಮ್ಮೂರೇ ಅನ್ನಿಸಿದರೆ ನಿಮ್ಮ ಶಾಲೆಗೂ ಸುಣ್ಣಬಣ್ಣ ಆಗಿದೆ ಅಂತ ಅರ್ಥ.

ಸಂಘ ಹುಟ್ಟುವುದು ವಾಟ್ಸಾಪಿನಲ್ಲಿ. 'ನಮ್ಮೂರ ಶಾಲೆ ನಮ್ಮ ಹೆಮ್ಮೆ' ಎಂಬ ಗುಂಪಿಗೆ ಬೆಂಗಳೂರಿನ ಇಂಜಿನಿಯರು, ಹೊಸಪೇಟೆಯ ಗುತ್ತಿಗೆದಾರರು, ದಾವಣಗೆರೆಯ ಡಾಕ್ಟರು, ಎಲ್ಲೋ ಇರುವ ತಹಶೀಲ್ದಾರರು ಒಬ್ಬೊಬ್ಬರಾಗಿ ಸೇರುತ್ತಾರೆ. ಬೆಳಿಗ್ಗೆ ಶುಭೋದಯ, ರಾತ್ರಿ ರಾಜಕೀಯ, ನಡುವೆ ಯಾರಾದರೂ ಶಾಲೆಯ ಹಳೆ ಫೋಟೊ ಹಾಕಿದರೆ ಎಲ್ಲರ ಕಣ್ಣಲ್ಲೂ ನೀರಿನ ಚಿತ್ರ. ಜೂನ್ 1ರಂದು ಮಾತ್ರ ಫೋನು ಮುಟ್ಟುವ ಹಾಗಿಲ್ಲ, ಅರ್ಧ ಗುಂಪಿನದು ಅವತ್ತೇ ಹುಟ್ಟುಹಬ್ಬ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ ಅಪ್ಪ "ಮುಂಗಾರಿನಾಗ ಹುಟ್ಯಾನ್ರೀ, ಯಾವ ವರ್ಷ ಅಂದ್ರ ಕೆರಿ ಒಡೆದಿತ್ತಲ್ಲ, ಆ ವರ್ಷ" ಅಂದದ್ದಕ್ಕೆ ಹೆಡ್ಮೇಷ್ಟ್ರು ಒಂದೇ ಏಟಿಗೆ ಬರೆದುಕೊಂಡ ತಾರೀಕು ಅದು. ಆ ತಾರೀಕಿನಿಂದಲೇ ನೌಕರಿ, ಆ ತಾರೀಕಿನಿಂದಲೇ ನಿವೃತ್ತಿ. ಜನ್ಮ ಕೊಟ್ಟವರು ತಾಯಿ, ಜನ್ಮದಿನ ಕೊಟ್ಟದ್ದು ಶಾಲೆ. ಋಣ ದೊಡ್ಡದೇ.

ಆ ಋಣ ತೀರಿಸುವ ಕೆಲಸ ಬಣ್ಣದ ಡಬ್ಬದಿಂದ ಶುರುವಾಗುತ್ತದೆ.

ನಮ್ಮ ಕಡೆಯ ಶಾಲೆಗಳಿಗೆ ಬಣ್ಣ ಹೊಸದೇನಲ್ಲ. ಇಡೀ ರಾಜ್ಯದಲ್ಲಿ ನಾಮಫಲಕದ ಪೇಂಟರಿಗೆ ಇಷ್ಟು ಅನ್ನ ಹಾಕಿದ ಸೀಮೆ ಇನ್ನೊಂದಿರಲಿಕ್ಕಿಲ್ಲ. ಮದ್ರಾಸಿನವರ ಕಾಲಕ್ಕೆ ಇವು ಬೋರ್ಡ್ ಸ್ಕೂಲುಗಳು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಬೋರ್ಡು ಬದಲಾಯಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು, ಮತ್ತೆ ಬದಲಾಯಿತು. ಹರಪನಹಳ್ಳಿಯದಂತೂ ಪುರಾಣ. 1997ರಲ್ಲಿ ಬಳ್ಳಾರಿ ಅಳಿಸಿ ದಾವಣಗೆರೆ ಬರೆದರು. ಆಮೇಲೆ ದಾವಣಗೆರೆ ಅಳಿಸಿ ಪುನಃ ಬಳ್ಳಾರಿ ಬರೆದರು. ಬಣ್ಣ ಒಣಗಿತೋ ಇಲ್ಲವೋ, 2021ರಲ್ಲಿ ಅದನ್ನೂ ಅಳಿಸಿ ವಿಜಯನಗರ ಜಿಲ್ಲೆ ಎಂದರು. ಕೊಟ್ಟೂರಿನವರು ಜಿಲ್ಲೆಯ ಜೊತೆಗೆ ತಾಲ್ಲೂಕನ್ನೂ ಬದಲಿಸಿಕೊಂಡರು. ಒಳಗೆ ಕರಿಹಲಗೆಗೆ ಬಣ್ಣ ಬಳಿದು ಹತ್ತು ವರ್ಷವಾಗಿದ್ದರೂ ಹೊರಗಿನ ಹಲಗೆ ಸದಾ ಹೊಸದು.

ಅದರ ಮೇಲೆ ಈಗ ರೈಲು ಬಂದಿದೆ. ಶಾಲೆ ಉದ್ಧಾರ ಆಗಿದೆ ಅಂತ ಗೊತ್ತಾಗುವುದೇ ಅದರ ಗೋಡೆಗೆ ರೈಲು ಬೋಗಿಯ ಚಿತ್ರ ಬರೆದಾಗ. ನೀಲಿ ಡಬ್ಬಿ, ಕಿಟಕಿಗೆ ಸರಳು, ಬಾಗಿಲಿನಲ್ಲಿ ಮಕ್ಕಳು ನಿಂತು ಕೈಬೀಸುವ ಒಂದು ಫೋಟೊ. ಹರಿಹರ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೊಸಪೇಟೆ ಅಂತ ಒಂದು ರೈಲು ಬಿಡಿಸಿಕೊಳ್ಳಲಿಕ್ಕೆ ಈ ಭಾಗದವರು ಹಳಿಯ ಮೇಲೆ ಕೂತು ಎಷ್ಟು ಕೂಗಿದರು ಅನ್ನುವುದು ಎಲ್ಲರಿಗೂ ಗೊತ್ತು. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ಇವತ್ತಿಗೂ ರೈಲಿಲ್ಲ. ಹಾಗೆಂದು ಶಾಲೆಗಳು ಕಾಯುತ್ತವೆಯೇ? ಗೋಡೆ ಮೇಲಾದರೂ ಬಂದು ನಿಂತಿದೆ. ಇಂಜಿನ್ನಿದೆ, ಡಬ್ಬಿಯಿದೆ, ಸ್ಟೇಷನ್ನಿನ ಹೆಸರಿದೆ. ಪ್ಯಾಸೆಂಜರು ಮಾತ್ರ ಎದುರಿನ ರಸ್ತೆಯಲ್ಲಿ ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಿದ್ದಾರೆ.

ಬಣ್ಣವಾದ ಮೇಲೆ ಗುರುವಂದನೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಆಮೇಲೆ ಪ್ರಭಾತಫೇರಿ, ಆಮೇಲೆ ವೇದಿಕೆ. ಎಂಬತ್ತು ದಾಟಿದ ಮೇಷ್ಟ್ರುಗಳನ್ನು ಕಾರಿನಲ್ಲಿ ಕರೆತಂದು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಸಿಕ್ಕಿದ್ದರಿಂದ ಬೆಳೆಗಾರರಿಗೆ ಎಷ್ಟು ಲಾಭವಾಯಿತೋ, ಗುರುವಂದನೆಗಳಿಂದ ಮಾರುಕಟ್ಟೆಯಂತೂ ಕುದುರಿದೆ. ಮೇಷ್ಟ್ರ ಕೊರಳು ಹೂವಿನಲ್ಲಿ ಮುಳುಗಿ ಬಾಯಿ ಕಾಣದ ಹಾಗಾದ ಮೇಲೆ, ಅವರು ಮಾತಾಡಲಾರರು ಎಂದು ಖಾತ್ರಿ ಮಾಡಿಕೊಂಡು ಹಳೆ ವಿದ್ಯಾರ್ಥಿಗಳು ಮಾತಾಡುತ್ತಾರೆ. ಮೈಲಾರದ ಗೊರವಯ್ಯ ವರ್ಷಕ್ಕೊಮ್ಮೆ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿದು ಇಳಿದುಬಿಡುತ್ತಾನೆ. ಲಕ್ಷಾಂತರ ಜನ ಅದಕ್ಕೆ ವರ್ಷವಿಡೀ ಅರ್ಥ ಹುಡುಕುತ್ತಾರೆ. ನಮ್ಮ ಸಂಘದ ಸಾಹೇಬರು ಮುಕ್ಕಾಲು ಗಂಟೆ ನುಡಿದರೂ ಅರ್ಥಕ್ಕೆ ಯಾರೂ ಹುಡುಕಾಡಬೇಕಿಲ್ಲ. ಅದು ಒಂದೇ: "ಇದೇ ಮಣ್ಣಿನ ನೆಲದ ಮೇಲೆ, ಕನ್ನಡ ಮಾಧ್ಯಮದಲ್ಲಿ ಓದಿ ನಾನು ಇಲ್ಲಿಗೆ ಬಂದೆ." ಚಪ್ಪಾಳೆ. ಪಕ್ಕದಲ್ಲಿ ಕೂತ ಅವರ ಮಗನಿಗೆ ಅಪ್ಪ ಏನು ಹೇಳಿದರು ಅಂತ ಅಮ್ಮ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಾರೆ.

ಆಮೇಲೆ ಕೊಡುಗೆಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ವಿಷಯ ರಸವತ್ತಾಗಿದೆ. 2018ರಲ್ಲಿ ರಿಷಬ್ ಶೆಟ್ಟಿ ಒಂದು ಸಿನಿಮಾಕ್ಕೆ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಎಂದು ಹೆಸರಿಟ್ಟಾಗ ಜನ ನಕ್ಕರು. ನಮ್ಮ ಸಂಘದವರು ನಗಲಿಲ್ಲ, ನೋಟ್ ಮಾಡಿಕೊಂಡರು. ಗಡಿಯಾರ ಕೊಟ್ಟವರ ಹೆಸರು ಮುಳ್ಳಿಗಿಂತ ದೊಡ್ಡದು. ಸ್ಟೀಲಿನ ನೀರಿನ ಡ್ರಮ್ಮಿನ ಮೇಲೆ ಅಪ್ಪ ಅಮ್ಮನ ಸ್ಮರಣಾರ್ಥ. ಬೀರುವಿನ ಬಾಗಿಲಿಗೆ ವಂಶವೃಕ್ಷ. ಮೂವರು ಗೆಳೆಯರು ಸೇರಿ ಫ್ಯಾನು ಕೊಡಿಸಿದರೆ ಒಂದೊಂದು ರೆಕ್ಕೆಗೆ ಒಂದೊಂದು ಹೆಸರು ಬರೆಸಿದ್ದಾರೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ ಎಂಬ ದೂರು ಬಂದದ್ದರಿಂದ ಕಾರ್ಯಕ್ರಮದ ದಿನ ಸೆಕೆಯಲ್ಲೂ ಅದನ್ನು ನಿಲ್ಲಿಸಿಯೇ ಇಟ್ಟಿದ್ದರು. ಕೊಟ್ಟೂರಿನ ಸಾಹಿತಿ ಕುಂ. ವೀರಭದ್ರಪ್ಪನವರು ಸ್ವತಃ ಮೇಷ್ಟ್ರಾಗಿದ್ದವರು, ಆತ್ಮಕಥೆಗೆ 'ಗಾಂಧಿ ಕ್ಲಾಸು' ಅಂತ ಹೆಸರಿಟ್ಟರು. ಈಗ ಆ ದರ್ಜೆಯೇ ರದ್ದಾಗಿದೆ, ಎಲ್ಲ ಕಡೆ ಸ್ಮಾರ್ಟ್ ಕ್ಲಾಸು. ಎಲ್ಇಡಿ ಪರದೆಗೆ ಕವರು ಹೊದಿಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಹೆಡ್ ಮೇಡಂ ಮನೆಗೆ ಒಯ್ಯುತ್ತಾರೆ. ಕಳುವಾದರೆ ಅವರ ಪಗಾರದಿಂದಲೇ ಹೋಗುವುದು ತಾನೆ?

ಊಟದ ಹೊತ್ತಿಗೆ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಸಾಹೇಬರನ್ನು ಕೇಳಿದಳಂತೆ: "ಯಣ್ಣಾ, ಎಲ್ಲಾ ಚಲೋ ಆತು. ಮೂರು ಕ್ಲಾಸಿಗೆ ಒಬ್ಬಾಕೀನೇ ಮೇಡಮ್ಮು ಅದಾಳ. ಇನ್ನೊಬ್ಬರನ್ನ ಕೊಡಿಸಾಕ ಬರ್ತೈತೇನು?"

"ಅದು ಇಲಾಖೆದು ತಂಗೀ," ಅಂದರು ಸಾಹೇಬರು. "ನಾವು ಫಿಸಿಕಲ್ ಇನ್‌ಫ್ರಾಸ್ಟ್ರಕ್ಚರ್ ನೋಡಿಕೊಳ್ತೀವಿ."

ತಂಗಿಗೆ ಅರ್ಥವಾಗಲಿಲ್ಲ. ನಮಗಾದರೂ ಆಗಬೇಕು. ಸರ್ಕಾರಿ ಶಾಲೆ ಸಾಯುವುದು ಸುಣ್ಣ ಉದುರಿ ಅಲ್ಲ, ಲೆಕ್ಕಕ್ಕೆ ಸಿಕ್ಕಿ. ಒಂದರಿಂದ ಐದನೇ ತರಗತಿವರೆಗೆ ಅರವತ್ತು ಮಕ್ಕಳವರೆಗೂ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ. ತರಗತಿ ಐದು, ಮನುಷ್ಯರು ಇಬ್ಬರು. ಅವರಲ್ಲಿ ಒಬ್ಬರು ಮೀಟಿಂಗಿಗೆ ಹೋಗಿರುತ್ತಾರೆ. ಹತ್ತು ಮಕ್ಕಳು ವ್ಯಾನು ಹತ್ತಿದರು ಅನ್ನಿ, 'ಹೆಚ್ಚುವರಿ' ಎಂದು ಒಬ್ಬ ಮೇಷ್ಟ್ರನ್ನು ಬೇರೆ ಕಡೆ ಕಳಿಸುತ್ತಾರೆ. ಮೇಷ್ಟ್ರಿಲ್ಲ ಅಂತ ಇನ್ನು ಹತ್ತು ಮಕ್ಕಳು ವ್ಯಾನು ಹತ್ತುತ್ತವೆ. ಉಳಿದವರಿಗೆ ಅತಿಥಿ ಶಿಕ್ಷಕರು. ನಮ್ಮಲ್ಲಿ ಅತಿಥಿ ದೇವರು, ಹಾಗಾಗಿ ಅವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಕೊಡಬೇಕೆಂಬ ನಿಯಮವಿಲ್ಲ. ಕಾಯಂ ಇರುವವರಿಗೆ ಪಾಠವೊಂದು ಬಿಟ್ಟು ಎಲ್ಲ ಕೆಲಸವಿದೆ: ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ, ಆ್ಯಪಿಗೆ ಫೋಟೊ. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮನೆಮನೆ ಸಮೀಕ್ಷೆಗೆ ಹೊರಟ ಮೇಷ್ಟ್ರುಗಳು ಮುಗಿಸುವಷ್ಟರಲ್ಲಿ ದಸರಾ ರಜೆಯನ್ನೇ ಹಿಗ್ಗಿಸಬೇಕಾಯಿತು. ಊರಿನ ಪ್ರತಿ ಮನೆಯ ಜಾತಿ ಅವರಿಗೆ ಗೊತ್ತು. ನಾಲ್ಕನೇ ತರಗತಿಯ ಹುಡುಗನಿಗೆ ಭಾಗಾಕಾರ ಬರುತ್ತದೆಯೋ ಇಲ್ಲವೋ ನೋಡಲಿಕ್ಕೆ ಪುರುಸೊತ್ತಿಲ್ಲ.

ಶಾಲೆ ಉಳಿಸಬೇಕಾದರೆ ಮಕ್ಕಳು ಬೇಕು. ಮಕ್ಕಳಿದ್ದರೆ ಮೇಷ್ಟ್ರು ಬರುತ್ತಾರೆ. ಈ ಒಂದು ವಸ್ತುವಿನ ಮೇಲೆ 'ಕೊಡುಗೆ: ಇಂಥವರು' ಎಂದು ಬರೆಸಲು ಬರುವುದಿಲ್ಲವಾದ್ದರಿಂದ ಅದು ಸಂಘದ ಪಟ್ಟಿಯಲ್ಲಿಲ್ಲ.

ಶಾಲೆಗೆ ವರ್ಷವಿಡೀ ಬರುವ ಹಳೆ ವಿದ್ಯಾರ್ಥಿಗಳೂ ಇದ್ದಾರೆ, ಮರೆಯಬಾರದು. ಅವರು ಬರುವುದು ಪ್ರಮಾಣಪತ್ರಕ್ಕೆ. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಶೇ 5, ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 25, ಅದರ ಮೇಲೆ ನಮ್ಮ ಭಾಗಕ್ಕೆ 371ಜೆ ವಿಧಿಯ ಮೀಸಲಾತಿ. ಹೊಸ ಮಕ್ಕಳ ಹೆಸರು ಬರೆಯುವ ಹಾಜರಿ ಪುಸ್ತಕ ತೆಳ್ಳಗಾಗುತ್ತಿದ್ದರೂ ಇಲಿ ತಿಂದ ಹಳೆ ದಾಖಲಾತಿ ವಹಿಗೆ ಇಷ್ಟು ಬೆಲೆ ಬಂದಿದೆ. ಕನ್ನಡ ಶಾಲೆಯ ಸರ್ಟಿಫಿಕೇಟು ತೋರಿಸಿ ಹುದ್ದೆ ಹಿಡಿದವರು ಮೊದಲ ಸಂಬಳದಲ್ಲಿ ಮಗುವಿಗೆ ಕಟ್ಟುವುದು ಕಾನ್ವೆಂಟಿನ ಡೊನೇಷನ್ನು. ಆ ಮಗುವಿಗೆ ನಾಳೆ ಕನ್ನಡ ಮಾಧ್ಯಮದ ಮೀಸಲಾತಿ ಇಲ್ಲವಲ್ಲ ಎಂಬ ಕೊರಗು ಕೆಲವರಿಗಿದೆ. 'ಅಪ್ಪ ಕನ್ನಡ ಶಾಲೆಯಲ್ಲಿ ಓದಿದ್ದರೆ ಮಗನಿಗೂ ಅನ್ವಯ' ಎಂಬ ತಿದ್ದುಪಡಿ ಬಂದರೆ ಸಂಘ ಸ್ವಾಗತಿಸುತ್ತದೆ.

ಹೋಗಲಿ, ಈ ಶಾಲೆ ಒಂದು ಕಾಲಕ್ಕೆ ಹೆಸರಾಗಿತ್ತಲ್ಲ, ಯಾಕೆ? ಸಂಘದವರ ಪ್ರಕಾರ ಆಗಿನ ಮೇಷ್ಟ್ರುಗಳು ದೇವರಂಥವರು. ಇರಬಹುದು, ಊರಲ್ಲೇ ಬಾಡಿಗೆ ಮನೆ ಹಿಡಿದು, ಸಂಜೆ ಲಾಟೀನು ಹಚ್ಚಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕೂರಿಸಿದವರು ಇದ್ದರು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಊರಲ್ಲಿ ಬೇರೆ ಶಾಲೆ ಇರಲಿಲ್ಲ. ಗೌಡರ ಮಗನೂ ಅಲ್ಲಿಗೇ ಹೋಗಬೇಕಿತ್ತು. ಗೌಡರ ಮಗ ಓದುವ ಶಾಲೆಗೆ ಮೇಷ್ಟ್ರು ತಡವಾಗಿ ಬಂದರೆ ಗೌಡರು ಕಟ್ಟೆ ಮೇಲಿಂದ ಕೆಮ್ಮುತ್ತಿದ್ದರು. ಆ ಕೆಮ್ಮೇ ಆಗಿನ ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿ. 2001ರಲ್ಲಿ ಸರ್ಕಾರ ಅಧಿಕೃತವಾಗಿ ಎಸ್‌ಡಿಎಂಸಿ ಮಾಡುವ ಹೊತ್ತಿಗೆ ಗೌಡರು ಮೊಮ್ಮಗನ ಕಾನ್ವೆಂಟಿನ ಮುಂದೆ ಕೆಮ್ಮಲು ಶುರುಮಾಡಿದ್ದರು.

ಮತ್ತೆ ಆ ಹೊಳೆಯುವ ಕಾಲದ ಗ್ರೂಪ್ ಫೋಟೊ ಹತ್ತಿರ ಹಿಡಿದು ನೋಡಿ. ಏಳನೇ ಕ್ಲಾಸಿನಲ್ಲಿ ಹುಡುಗಿಯರು ಎಷ್ಟು? ತಾಂಡಾದವರು, ಹಟ್ಟಿಯವರು, ಕೇರಿಯವರು ಎಷ್ಟು? ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟೋ ಜನ ಆ ಫೋಟೊ ತನಕ ಬರಲೇ ಇಲ್ಲ. ಮೂರಕ್ಕೇ ಕುರಿ ಹಿಂದೆ ಹೋದರು, ನಾಲ್ಕಕ್ಕೇ ಶೇಂಗಾ ಬಿಡಿಸಲು ಹೋದರು, ಅಪ್ಪ ಅಮ್ಮನ ಜೊತೆ ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋದರು. ಅವರೂ ಹಳೆ ವಿದ್ಯಾರ್ಥಿಗಳೇ. ವಾಟ್ಸಾಪ್ ಗುಂಪಿನಲ್ಲಿಲ್ಲ, ಸಂಘದ ಸದಸ್ಯತ್ವ ಶುಲ್ಕ ಅವರ ಕೈಗೆಟುಕುವುದಿಲ್ಲ. ಆದರೆ ಇವತ್ತು ಶಾಲೆಯಲ್ಲಿ ಉಳಿದಿರುವ ಮೂವತ್ತು ಮಕ್ಕಳು ಯಾರವು ಅಂದುಕೊಂಡಿರಿ? ಅವರವೇ. ಗುರುವಂದನೆಯ ದಿನ ಮುಖ್ಯ ಅತಿಥಿಗಳು ಶಾಲೆಗೆ ಗೋದ್ರೇಜ್ ಬೀರು ಕೊಟ್ಟರು. ಟ್ರ್ಯಾಕ್ಟರಿನಿಂದ ಆ ಬೀರು ಇಳಿಸಿದ ನಾಲ್ವರು ಶಾಲೆಗೆ ಒಟ್ಟು ಏಳು ಮಕ್ಕಳನ್ನು ಕೊಟ್ಟಿದ್ದರು. ಸನ್ಮಾನ ಬೀರುವಿನ ಲೆಕ್ಕದಲ್ಲಿ ನಡೆಯಿತು. ಇಳಿಸಿದವರು ಕಾಂಪೌಂಡ್ ಗೋಡೆ ಮೇಲೆ ಕೂತು ನೋಡಿದರು. ಸುಗ್ಗಿ ಮುಗಿದ ಮೇಲೆ ಅವರು ಗುಳೆ ಹೋದರೆ ಆ ಏಳೂ ಗೈರು. ಮೂವತ್ತರಲ್ಲಿ ಏಳು ಹೋದರೆ ಒಬ್ಬ ಮೇಷ್ಟ್ರಿಗೆ ಕುತ್ತು. ಇದಕ್ಕೊಂದು ಹಾಸ್ಟೆಲ್ಲೋ, ಅಜ್ಜಿ ಮನೆಯಲ್ಲಿ ಬಿಟ್ಟುಹೋದ ಮಕ್ಕಳಿಗೆ ರಾತ್ರಿ ಊಟವೋ ಮಾಡಿಸಬಹುದಿತ್ತು. ಆದರೆ ರಾತ್ರಿ ಊಟಕ್ಕೆ ಫಲಕ ಹಚ್ಚುವುದೆಲ್ಲಿ?

ಸಂಘದವರನ್ನೇ ಬೈಯುವುದೂ ತಪ್ಪು. ಅವರು ಕೈಯಿಂದ ಕಾಸು ಬಿಚ್ಚುತ್ತಾರೆ, ಸರ್ಕಾರ ಅದನ್ನೂ ಮಾಡದೆ ಘೋಷಣೆ ಬರೆಯುತ್ತದೆ. 2020ರಲ್ಲಿ ಶಾಸಕರು ಶಾಲೆಗಳನ್ನು ದತ್ತು ತೆಗೆದುಕೊಳ್ಳಲಿ ಎಂದಿತು. ಸರ್ಕಾರದ ಶಾಲೆಯನ್ನು ಸರ್ಕಾರದವರೇ ದತ್ತು ತೆಗೆದುಕೊಳ್ಳುವುದೆಂದರೆ ಸ್ವಂತ ಮಗುವನ್ನು ಅನಾಥಾಲಯಕ್ಕೆ ಬಿಟ್ಟು ಬಂದು ಅರ್ಜಿ ಹಾಕಿದ ಹಾಗೆ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಎತ್ತಬಹುದು ಎಂಬ ಸುತ್ತೋಲೆ ಬಂತು. ಗಲಾಟೆಯಾದ ಕೂಡಲೇ ವಾಪಸ್ಸೂ ಹೋಯಿತು. ಮರು ತಿಂಗಳು 'ವಿವೇಕ' ಹೆಸರಿನ ಕೊಠಡಿಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಎಂದು ರಾಜ್ಯವೇ ಎರಡು ಪಾಲಾಯಿತು. ಕೊಠಡಿಯೊಳಗೆ ಯಾರು ಪಾಠ ಮಾಡುತ್ತಾರೆ ಎಂದು ಎರಡೂ ಪಾಲಿನವರು ಕೇಳಲಿಲ್ಲ. ಸರ್ಕಾರ ಬದಲಾಯಿತು, ಹಳೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು 'ನಮ್ಮ ಶಾಲೆ ನಮ್ಮ ಜವಾಬ್ದಾರಿ' ಬಂತು. ಬಹಳ ಒಳ್ಳೆಯದು. ನಮ್ಮ ಜವಾಬ್ದಾರಿ ಎಂದು ಗೋಡೆಯ ಮೇಲೆ ಅವರೇ ಬರೆಸಿ ಕೊಟ್ಟಿದ್ದಾರೆ, ಅವರದು ಯಾವುದು ಅಂತ ಬರೆಸಲು ಗೋಡೆಯಲ್ಲಿ ಜಾಗ ಉಳಿಯಲಿಲ್ಲ.

ಮುಚ್ಚುವುದು ಎಂಬ ಮಾತಂತೂ ಇಲಾಖೆಯ ಬಾಯಲ್ಲಿ ಇಲ್ಲವೇ ಇಲ್ಲ. ಶಾಲೆಗಳು ಇಲ್ಲಿ ವಿಲೀನವಾಗುತ್ತವೆ, ನದಿ ಸಮುದ್ರ ಸೇರಿದ ಹಾಗೆ. 2018ರ ಬಜೆಟ್ಟಿನಲ್ಲಿ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಹೀಗೆ ಸಮುದ್ರಕ್ಕೆ ಸೇರಿಸುವ ಮಾತು ಬಂದಾಗ ಸಾಹಿತಿಗಳು ವಿರೋಧಿಸಿದರು. ನಮ್ಮ ಗುಂಪಿನಲ್ಲೂ ಖಂಡನಾ ನಿರ್ಣಯವಾಯಿತು. ನಿರ್ಣಯವನ್ನು ಸಾಹೇಬರು ಟೈಪ್ ಮಾಡಿದ್ದು ಮಗಳ ಶಾಲೆಯ ಗೇಟಿನ ಮುಂದೆ, ಕಾರಿನಲ್ಲಿ ಕಾಯುತ್ತಾ.

ಹಳೆ ವಿದ್ಯಾರ್ಥಿಗಳಿಂದ, ಊರವರಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಂಟ್ವಾಳದ ಕಡೆ ದಡ್ಡಲಕಾಡು ಎಂಬಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಸರ್ಕಾರಿ ಶಾಲೆಯನ್ನು ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಹುಡುಗರು ಹಿಡಿದುಕೊಂಡರು. ಅವರು ಮೊದಲು ಹುಡುಕಿದ್ದು ಬಣ್ಣವನ್ನಲ್ಲ, ಮಕ್ಕಳನ್ನು. ಪೋಷಕರು ಕಾನ್ವೆಂಟಿಗೆ ಯಾಕೆ ಹೋಗುತ್ತಾರೆ ಎಂದು ನೋಡಿ ಎಲ್‌ಕೆಜಿ, ಯುಕೆಜಿ, ಇಂಗ್ಲಿಷು, ವಾಹನ ಎಲ್ಲವನ್ನೂ ಇಲ್ಲೇ ತಂದರು. ಬೆರಳೆಣಿಕೆಯ ಶಾಲೆ ನೂರಾರು ಮಕ್ಕಳ ಶಾಲೆಯಾಯಿತು. ಇದನ್ನು ನಮ್ಮ ಗುಂಪಿನಲ್ಲಿ ಯಾರೋ ಹಾಕಿದರು. ಮೂವತ್ತೆರಡು ಹೆಬ್ಬೆರಳು ಬಂದವು. "ನಮ್ಮಲ್ಲೂ ಹೀಗಾಗಬೇಕು" ಎಂದು ಹತ್ತು ಜನ ಬರೆದರು. "ಮೊದಲು ಯಾರ ಮಕ್ಕಳನ್ನು ಸೇರಿಸೋಣ?" ಎಂದು ಹನ್ನೊಂದನೆಯವರು ಕೇಳಿದರು. ಆಮೇಲೆ ಗುಂಪಿನಲ್ಲಿ ಎರಡು ದಿನ ಬರೀ ಶುಭೋದಯ.

2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು ಸರ್ಕಾರದ ಸಂಬಳ ತಿನ್ನುವವರೆಲ್ಲ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಎಂದು ಹೇಳಿತ್ತು. ಆ ತೀರ್ಪು ಈಗ ಎಲ್ಲಿದೆ ಎಂದರೆ ಭಾಷಣಗಳಲ್ಲಿದೆ. ನಮ್ಮ ವೇದಿಕೆಯ ಮೇಲೂ ಒಬ್ಬರು ಅದನ್ನು ಉದ್ಧರಿಸಿದರು, ಕೆಳಗೆ ಕೂತಿದ್ದ ಊರಿನ ಮೇಷ್ಟ್ರುಗಳೇ ಅತ್ತಿತ್ತ ನೋಡಿದರು. ಸರ್ಕಾರಿ ಶಾಲೆಯಲ್ಲಿ ಕಲಿಸುವವರ ಮಕ್ಕಳು ಬೆಳಿಗ್ಗೆ ಯಾವ ವ್ಯಾನು ಹತ್ತುತ್ತಾರೆ ಎಂದು ಈ ಸೀಮೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಅದು ಮರ್ಯಾದೆ.

ಮನಸ್ಸು ಮಾಡಿದರೆ ನಮ್ಮವರು ಏನು ಮಾಡಬಲ್ಲರು ಎಂಬುದಕ್ಕೂ ಸಾಕ್ಷಿ ಇಲ್ಲೇ ಇದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಜಾತ್ರೆಯ ದಿನವೇ ಮುರಿದು ಬಿತ್ತು. ಮರುವರ್ಷದ ಜಾತ್ರೆಗೆ ಹೊಸ ತೇರು ನಿಂತಿತ್ತು. ಅಷ್ಟೆತ್ತರದ ತೇರು, ಒಂದೇ ವರ್ಷ! ಅದಕ್ಕೆ ಯಾರೂ ದತ್ತು ಯೋಜನೆ ಕೇಳಲಿಲ್ಲ, ಬೇರೆ ಊರಿನ ತೇರಿಗೆ ವಿಲೀನ ಮಾಡೋಣ ಎನ್ನಲಿಲ್ಲ. ಯಾಕೆಂದರೆ ಆ ಹಗ್ಗಕ್ಕೆ ಎಲ್ಲರೂ ಕೈ ಹಚ್ಚುವವರೇ. ಸಾಹೇಬರೂ ಪಂಚೆ ಉಟ್ಟು ಬರುತ್ತಾರೆ, ಕುರಿ ಕಾಯುವವನೂ ಬರುತ್ತಾನೆ, ಇಬ್ಬರ ಮಕ್ಕಳೂ ಹೆಗಲ ಮೇಲಿರುತ್ತಾರೆ.

ಶಾಲೆಯ ವಿಷಯಕ್ಕೆ ಬಂದರೆ, ಬರುವ ವರ್ಷ ಅದಕ್ಕೆ ನೂರು ತುಂಬುತ್ತದೆ. ಸಂಘದ ಪೂರ್ವಭಾವಿ ಸಭೆ ಹೋದ ಭಾನುವಾರ ನಡೆಯಿತು. ಕಲ್ಲಿನ ಮಹಾದ್ವಾರ, ಸ್ಮರಣ ಸಂಚಿಕೆ, ಹೆಲಿಕಾಪ್ಟರಿನಿಂದ ಹೂವು, ಎಲ್ಲ ಒಪ್ಪಿಗೆಯಾಯಿತು. ಪ್ರಾರ್ಥನೆ, ಸ್ವಾಗತ ನೃತ್ಯ, ಪೂರ್ಣಕುಂಭಕ್ಕೆ ಒಟ್ಟು ಅರವತ್ತು ಮಕ್ಕಳು ಬೇಕಾಗುತ್ತಾರೆ, ನಮ್ಮಲ್ಲಿರುವುದು ಮೂವತ್ತು, ಅದರಲ್ಲೂ ಏಳು ಆ ಹೊತ್ತಿಗೆ ಗುಳೆ ಹೋಗಿರುತ್ತವೆ ಎಂದು ಹೆಡ್ ಮೇಡಂ ಮೆಲ್ಲಗೆ ಹೇಳಿದರು. ಎದುರಿನ ಕಾನ್ವೆಂಟಿನಿಂದ ನಲವತ್ತು ಮಕ್ಕಳನ್ನು ಕಳಿಸಿಕೊಡುವುದಾಗಿ ಅದರ ಛೇರ್ಮನ್ನರು ಅಲ್ಲೇ ಒಪ್ಪಿಕೊಂಡರು. ಅವರೂ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೇ, ಸಂಘದ ಖಜಾಂಚಿ ಕೂಡ. ಆ ಮಕ್ಕಳಿಗೆ ಅವತ್ತೊಂದು ದಿನ ಸರ್ಕಾರಿ ಶಾಲೆಯ ಯೂನಿಫಾರ್ಮು ಹೊಲಿಸುವ ಖರ್ಚನ್ನು ಸಾಹೇಬರು ವಹಿಸಿಕೊಂಡರು. ವ್ಯಾನಿನ ಡೀಸೆಲ್ ಯಾರದು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.